ಚಂದ್ರದ್ರೋಣದ ತಪ್ಪಲಲ್ಲಿ ಒಂಬತ್ತು ದಿನ: ದಣಿದವರ ಕಣ್ಣಲ್ಲಿ ಒಂದು ಹೋಮ್‌ಸ್ಟೇ

ಬ್ಯಾಂಕಿನ ಶಾಖೆಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದ ಮೇಲೆ, ಕಳೆದ ಮಾರ್ಚ್ ಕೊನೆಯ ಲೆಕ್ಕಪತ್ರ ಮುಗಿದ ವಾರದಿಂದಲೇ ನನಗೆ ಬೆಳಿಗ್ಗೆ ಏಳುವುದು ಕಷ್ಟವಾಗತೊಡಗಿತು. ಎಷ್ಟು ಮಲಗಿದರೂ ದಣಿವು ಇಳಿಯುತ್ತಿರಲಿಲ್ಲ, ವರ್ಷಗಳಿಂದ ಪರಿಚಯವಿದ್ದ ಗ್ರಾಹಕರು ಎದುರು ಬಂದು ಕುಳಿತರೂ ಮಾತು ಬೆಳೆಸುವ ಮನಸ್ಸಾಗುತ್ತಿರಲಿಲ್ಲ, ಒಂದೇ ಸಾಲದ ಕಡತವನ್ನು ಮೂರು ಸಲ ಓದಿದರೂ ಸಹಿ ಹಾಕುವ ಧೈರ್ಯ ಬರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್‌ಗೆ ಹೇಳಿರುವ ಮೂರು ಲಕ್ಷಣಗಳೂ ಇವೇ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದಲ್ಲಿ ಹಿಡಿತ ತಪ್ಪುವುದು. ಸಂಸ್ಥೆ ಇದನ್ನು ಕಾಯಿಲೆಯೆಂದು ಕರೆಯದೆ, ದುಡಿಮೆಯ ಜಾಗದ ಒತ್ತಡ ತೀರದೆ ಉಳಿದಾಗ ಹುಟ್ಟುವ ಸ್ಥಿತಿಯೆಂದು ಗುರುತಿಸಿದೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ನೋಟ, ಊಟ, ಕೊಠಡಿ ಎಂದು ಪ್ರವಾಸಿಗರು ಅಳೆಯುವ ರೀತಿಯಲ್ಲಿ ನಾನು ಈ ಹೋಮ್‌ಸ್ಟೇಯನ್ನು ಅಳೆಯುತ್ತಿಲ್ಲ. ದಣಿದು ಬಂದವರಿಂದ ಆ ಜಾಗ ಏನೇನನ್ನು ಕೇಳುತ್ತದೆ ಎಂಬುದೇ ನನ್ನ ಅಳತೆ.

ಈ ಅಳತೆ ನನಗೆ ಸಿಕ್ಕಿದ್ದು ಮೇ ತಿಂಗಳಲ್ಲಿ, ಬೇರೊಂದು ಬೆಟ್ಟದ ದುಬಾರಿ ವಿಶ್ರಾಂತಿಧಾಮದಲ್ಲಿ. ಅಲ್ಲಿ ಬೆಳಿಗ್ಗೆ ಆರಕ್ಕೆ ಯೋಗ, ಎಂಟಕ್ಕೆ ಹಣ್ಣಿನ ರಸ, ಹತ್ತಕ್ಕೆ ಧ್ಯಾನ, ಸಂಜೆ ಅನುಭವ ಹಂಚಿಕೆಯ ಸಭೆ. ತಪ್ಪಿಸಿಕೊಂಡರೆ ಕೊಠಡಿಯ ಬಾಗಿಲಿಗೆ ಬಂದು ಕರೆಯುತ್ತಿದ್ದರು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ವೇಳಾಪಟ್ಟಿಯಿಂದ ಸೋತು ಬಂದವಳಿಗೆ ಇನ್ನೊಂದು ವೇಳಾಪಟ್ಟಿಯನ್ನು ಕೈಗಿತ್ತರೆ ದೇಹ ಅದನ್ನೂ ಕೆಲಸವೆಂದೇ ಎಣಿಸುತ್ತದೆ. ಮೂರನೆಯ ದಿನವೇ ನಾನು ಹೊರಟುಬಂದೆ.

ಜುಲೈ ಎರಡನೆಯ ವಾರ, ಪುನರ್ವಸು ಮಳೆ ಹಿಡಿದ ದಿನಗಳಲ್ಲಿ, ಚಿಕ್ಕಮಗಳೂರಿನಿಂದ ಮೇಲಕ್ಕೆ ಕಾಫಿ ತೋಟದೊಳಗಿರುವ ಈ ಹಳೆಯ ಹಂಚಿನ ಮನೆಗೆ ಹೋದೆ. ಹೆಸರು ಬೇಡವೆಂದು ಮನೆಯವರು ಕೇಳಿಕೊಂಡಿದ್ದಾರೆ. ಇರುವುದೇ ನಾಲ್ಕು ಕೋಣೆ, ಅವು ಪರಿಚಿತರ ಮಾತಿನಿಂದಲೇ ತುಂಬುತ್ತವೆ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಗಳೆಲ್ಲ ಸೇರಿ ಅರ್ಧಚಂದ್ರದಂತೆ ಬಾಗಿರುವ ಶ್ರೇಣಿಯನ್ನು ಚಂದ್ರದ್ರೋಣ ಎನ್ನುತ್ತಾರೆ. ರಾಜ್ಯದಲ್ಲೇ ಅತಿ ಎತ್ತರದ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ಈ ಮನೆಯ ಜಗುಲಿಯಿಂದ ಕಾಣುತ್ತದಂತೆ. ನಾನಿದ್ದ ಒಂಬತ್ತು ದಿನಗಳಲ್ಲಿ ಮಂಜು ಒಮ್ಮೆಯೂ ಸರಿಯಲಿಲ್ಲ, ನನಗೆ ಅದರ ಕೊರತೆಯೂ ಕಾಣಲಿಲ್ಲ. ನೋಡಲೇಬೇಕಾದ ಜಾಗಗಳೆಲ್ಲ ಮಂಜಿನ ಹಿಂದೆ ಹೋದಾಗ, ನೋಡದೆ ಉಳಿದೆವೆಂಬ ತಳಮಳವೂ ಅವುಗಳೊಡನೆ ಹೋಗಿಬಿಡುತ್ತದೆ.

ಮೊದಲ ನಾಲ್ಕು ದಿನ ನಾನು ಮಾಡಿದ್ದು ನಿದ್ದೆ ಮಾತ್ರ. ಊಟಕ್ಕೆ ಏಳದಿದ್ದರೆ ಮನೆಯೊಡತಿ ತಟ್ಟೆಗೆ ಬಾಳೆಲೆ ಮುಚ್ಚಿ ಬಾಗಿಲ ಬಳಿಯ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಯಾಕೆ, ಏನು ಎಂದು ಒಂದು ಮಾತನ್ನೂ ಕೇಳಲಿಲ್ಲ. ಈ ಕೇಳದಿರುವಿಕೆಯೇ ನಾನು ಅಲ್ಲಿ ಪಡೆದ ಅತಿ ದೊಡ್ಡ ಸೇವೆ. ಕಾಫಿ ತೋಟದ ಮನೆಗಳಲ್ಲಿ ಜೋರು ಮಳೆಯ ದಿನಗಳೆಂದರೆ ಕೆಲಸ ಹಗುರಾಗುವ ಕಾಲ. ಮಳೆ ಬೀಳುವ ಮೊದಲೇ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದಿರುತ್ತದೆ, ಸೌದೆ ಒಳಗೆ ಸೇರಿರುತ್ತದೆ, ಕೊಯ್ಲಿಗೆ ಇನ್ನೂ ತಿಂಗಳುಗಳಿರುತ್ತವೆ. ಹಾಗಾಗಿ ಒಲೆಯ ಮುಂದೆ ಸುಮ್ಮನೆ ಕೂತವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಐದನೆಯ ದಿನ ನಾನೂ ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ಹಂಡೆಯ ನೀರು ಕಾಯುವ ಸದ್ದು, ಹಂಚಿನ ಮೇಲಿನ ಮಳೆ, ಒದ್ದೆ ಸೌದೆಯ ಹೊಗೆ; ಇವುಗಳ ನಡುವೆ ಒಂದು ಗಂಟೆ ಕಳೆದದ್ದು ತಿಳಿಯಲೇ ಇಲ್ಲ. ತಿಂಗಳುಗಳಿಂದ ನಾನು ಗಡಿಯಾರ ನೋಡದೆ ಕಳೆದ ಮೊದಲ ಗಂಟೆ ಅದು.

ಊಟದ ಬಗ್ಗೆ ಬರೆಯಲೇಬೇಕು. ಅಕ್ಕಿರೊಟ್ಟಿ, ಕಡುಬು, ಹಲಸಿನ ಬೀಜದ ಸಾರು ದಿನ ಬಿಟ್ಟು ದಿನ ಬರುತ್ತವೆ. ಕಳಲೆಯ ಪಲ್ಯವನ್ನು ಅವರು ಮಾಡುವ ಕ್ರಮವನ್ನು ನಾನು ಅಡುಗೆಮನೆಯಲ್ಲೇ ನಿಂತು ನೋಡಿದೆ: ಎಳೆ ಬಿದಿರಿನ ಮೊಳಕೆಯಲ್ಲಿ ವಿಷದ ಅಂಶ ಇರುವುದರಿಂದ, ಹೆಚ್ಚಿದ ಮೇಲೆ ಮೂರು ದಿನ ನೀರಿನಲ್ಲಿಟ್ಟು, ದಿನವೂ ಆ ನೀರನ್ನು ಚೆಲ್ಲಿ ಹೊಸದು ಹಾಕಿ, ಆಮೇಲಷ್ಟೇ ಬೇಯಿಸುತ್ತಾರೆ. ಯಾವುದನ್ನೂ ಅವಸರದಲ್ಲಿ ಮುಗಿಸದ ಆ ಅಡುಗೆಮನೆಯ ನಡೆ ನನ್ನೊಳಗಿನ ಓಟವನ್ನೂ ನಿಧಾನಗೊಳಿಸಿತು. ಬೆಲ್ಲದ ಕಾಫಿ ಕೇಳಿದಾಗಲೆಲ್ಲ ಸಿಗುತ್ತದೆ, ಆದರೆ ಮಧ್ಯಾಹ್ನದ ಮೇಲೆ ಬೇಡವೆನ್ನಿ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ, ನಿದ್ದೆಗಾಗಿಯೇ ಹೋದವರಿಗೆ ಅದು ನಷ್ಟ.

ಕೊರತೆಗಳೂ ಇವೆ. ಮಳೆಗಾಲದಲ್ಲಿ ಹಾಸಿಗೆ, ರಗ್ಗುಗಳಲ್ಲಿ ಮುಗ್ಗುಲು ವಾಸನೆ ಹೋಗುವುದೇ ಇಲ್ಲ. ಅಸ್ತಮಾ ಇರುವವರು ಆ ತಿಂಗಳುಗಳಲ್ಲಿ ಹೋಗಬಾರದೆಂದೇ ನನ್ನ ಅಭಿಪ್ರಾಯ. ಕರೆಂಟು ಒಮ್ಮೆ ಮೂವತ್ತು ಗಂಟೆ ಇರಲಿಲ್ಲ, ಜನರೇಟರ್ ಇರುವುದು ಎರಡನೆಯ ಕೋಣೆಯ ಕಿಟಕಿಗೆ ಸರಿಯಾಗಿ. ತೋಟಕ್ಕೆ ಕಾಲಿಟ್ಟರೆ ಇಂಬಳ (ಜಿಗಣೆ) ಹತ್ತುತ್ತವೆ. ಇವೆಲ್ಲ ಸಹಿಸಬಹುದಾದವು. ನನಗೆ ನಿಜವಾಗಿ ನೋವಾದದ್ದು ಶನಿವಾರ ರಾತ್ರಿ: ಉಳಿದ ಕೋಣೆಗಳಿಗೆ ಬಂದ ಗುಂಪೊಂದು ಜಗುಲಿಯಲ್ಲಿ ಸ್ಪೀಕರ್ ಇಟ್ಟು ನಡುರಾತ್ರಿಯವರೆಗೆ ಹಾಡು ಹಾಕಿತು, ಮನೆಯವರು ಸಂಕೋಚಪಟ್ಟು ಏನೂ ಹೇಳಲಿಲ್ಲ. ಏಳು ದಿನಗಳಿಂದ ಮರಳುತ್ತಿದ್ದ ನಿದ್ದೆ ಅಂದು ಕೈಬಿಟ್ಟಿತು. ವಿಶ್ರಾಂತಿಗೆಂದು ಬಂದವರಿಂದ ದಿನಕ್ಕೆ 2,800 ರೂಪಾಯಿ ಪಡೆಯುವ ಮನೆ, ರಾತ್ರಿ ಒಂಬತ್ತರ ಮೇಲೆ ಸದ್ದು ಬೇಡವೆಂಬ ಒಂದು ನಿಯಮವನ್ನಾದರೂ ಮಾಡಬೇಕು. ಹೊರಡುವಾಗ ಇದನ್ನು ಅವರಿಗೆ ನೇರವಾಗಿಯೇ ಹೇಳಿದ್ದೇನೆ.

ಎರಡು ರಾತ್ರಿಗೆ ಹೋಗಬಯಸುವವರಿಗೆ ನಾನು ಈ ಜಾಗವನ್ನು ಹೇಳುವುದಿಲ್ಲ. ನನ್ನ ಅನುಭವದಲ್ಲಿ ಮೊದಲ ನಾಲ್ಕು ದಿನ ಬರೀ ಸಾಲ ತೀರಿಸಿದಂತೆ. ಏನಾದರೂ ಓದಬೇಕು, ಯಾರಿಗಾದರೂ ಫೋನ್ ಮಾಡಬೇಕು ಎನ್ನಿಸಿದ್ದು ಆರನೆಯ ದಿನ. ಇನ್ನೊಂದು ಮಾತು: ಹೋಗುವ ಮೊದಲು ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಇಂಥದ್ದೇ ದಣಿವಾಗಿ ಕಾಣಿಸಿಕೊಳ್ಳುತ್ತವೆ, ಅವಕ್ಕೆ ಮಂಜು ಮಳೆ ಮದ್ದಲ್ಲ. ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಸಿದಿದ್ದರೆ ಬೆಟ್ಟದ ಒಂಟಿ ಕೋಣೆ ತಕ್ಕ ಜಾಗವೂ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.

ಮರಳಿದ ಮೇಲೆ ನನ್ನ ಶಾಖೆಯ ಗುರಿಗಳೇನೂ ಕಡಿಮೆಯಾಗಿಲ್ಲ. ಸಂಜೆ ಏಳರ ಮೇಲೆ ಕೆಲಸದ ಕರೆ ತೆಗೆದುಕೊಳ್ಳುವುದಿಲ್ಲವೆಂದು ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ; ಆ ಪತ್ರದ ಮೊದಲ ಕರಡು ಬರೆದದ್ದು ಅದೇ ಬಚ್ಚಲೊಲೆಯ ಮುಂದೆ, ಎಂಟನೆಯ ದಿನ.

ಹೋಗುವವರು ವಾರದ ನಡುವಿನ ದಿನಗಳನ್ನು ಆರಿಸಿಕೊಂಡು, ಹಿತ್ತಲ ಕಡೆಯ ನಾಲ್ಕನೆಯ ಕೋಣೆಯನ್ನೇ ಕೇಳಿ. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು. ಕಣದಲ್ಲಿ ಜನ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು, ಮನೆಯವರಿಗೂ ಕೈ ಬಿಡುವಿರುವುದಿಲ್ಲ. ಆಗ ಹೋಗಬೇಡಿ.