ತಾಮ್ರ, ಕಂಚಿನ ಮೆಟಲ್ ಕ್ಲೇ: ಉಡುಪಿಯ ಹವೆಯಲ್ಲಿ ಬಹುಕಾಲ ಬಳಸಿದ ಮೇಲೆ

ಪುಡಿಯಾಗಿ ಬರುವ ತಾಮ್ರದ ಕ್ಲೇ ಮತ್ತು 89 ಪಾಲು ತಾಮ್ರಕ್ಕೆ 11 ಪಾಲು ತವರ ಇರುವ ಕಂಚಿನ ಕ್ಲೇ, ಎರಡನ್ನೂ ಪದಕ, ಲೋಲಾಕು, ಉಂಗುರಗಳಿಗೆ ಬಳಸಿ ಬರೆಯುತ್ತಿರುವ ವಿಮರ್ಶೆ ಇದು. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ತಾಮ್ರದ್ದನ್ನು ಧೈರ್ಯವಾಗಿ ಕೊಳ್ಳಿ. ಕಂಚಿನದ್ದನ್ನು ನಿಮ್ಮ ಕಿಲ್ನ್ (ಸುಡುವ ವಿದ್ಯುತ್ ಕುಲುಮೆ) ಎಲ್ಲಿ ಹೆಚ್ಚು ಕಾಯುತ್ತದೆ, ಎಲ್ಲಿ ಕಡಿಮೆ ಎಂದು ಗೊತ್ತಾದ ಮೇಲೆ ಕೊಳ್ಳಿ. ಕ್ಲೇ ಸರಿಯಿಲ್ಲ ಎಂದು ಬೈಯುವವರಲ್ಲಿ ಹೆಚ್ಚಿನವರ ತೊಂದರೆ ಕ್ಲೇಯಲ್ಲಿ ಇರುವುದಿಲ್ಲ. ಒಣಗಿಸುವುದರಲ್ಲಿ ಇಲ್ಲವೇ ಸುಡುವುದರಲ್ಲಿ ಇರುತ್ತದೆ.

ಹೊಸಬರಿಗೆ ಎರಡು ಮಾತು. ಇದು ಮಣ್ಣಲ್ಲ. ಸಣ್ಣ ಲೋಹದ ಪುಡಿಗೆ ಸಾವಯವ ಅಂಟು ಸೇರಿಸಿರುತ್ತಾರೆ. ನೀರು ಹಾಕಿ ನಾದಿ, ಆಕಾರ ಕೊಟ್ಟು, ಒಣಗಿಸಿ ಸುಟ್ಟರೆ ಅಂಟು ಸುಟ್ಟುಹೋಗುತ್ತದೆ, ಲೋಹದ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದಕ್ಕೆ ಸಿಂಟರ್ ಆಗುವುದು ಎನ್ನುತ್ತಾರೆ. ಬೆಳ್ಳಿಯ ಕ್ಲೇ ಜಪಾನಿನಿಂದ ಮೊದಲು ಬಂತು. ಕಂಚಿನದ್ದನ್ನು ಅಮೆರಿಕದ ಬಿಲ್ ಸ್ಟ್ರೂವ್ 2008ರಲ್ಲಿ ಮಾರುಕಟ್ಟೆಗೆ ತಂದರು. ನಮ್ಮ ಕಂಚುಗಾರರು ದೈವದ ಮೊಗಗಳನ್ನು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಘಂಟೆಯ ಕಂಚಿನಲ್ಲಿ ತವರ 22 ಪಾಲಿನ ಆಸುಪಾಸು ಇರುತ್ತದೆ. ಆ ನಾದವನ್ನು 11 ಪಾಲಿನ ಈ ಕಂಚಿನಿಂದ ಬಯಸಬೇಡಿ.

ಕಲಸುವುದು ಸುಲಭ. 50 ಗ್ರಾಂ ಪುಡಿಗೆ 5 ಮಿ.ಲೀ. ನೀರಿನಿಂದ ಶುರುಮಾಡಿ, ಆಮೇಲೆ ಹನಿ ಹನಿಯಾಗಿ ಸೇರಿಸಿ. ಕಲಸಿದ ಕೂಡಲೇ ಹದ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅರ್ಧ ಗಂಟೆ ಬಿಟ್ಟರೆ ಅಂಟು ನೀರು ಕುಡಿದು ಮೆತ್ತಗಾಗುತ್ತದೆ. ಆಗ ನೋಡಿ ಬೇಕಿದ್ದರೆ ಮಾತ್ರ ಇನ್ನೆರಡು ಹನಿ. ಬಾವಿ ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಆದರೆ ಒರೆಸಿ ತೆಗೆದಷ್ಟು ತೆಳುವಾಗಿ. ಮಡಿಕೆಯ ಒಳಗೆ ಎಣ್ಣೆ ಸಿಕ್ಕಿಕೊಂಡರೆ ಅಲ್ಲಿ ಕ್ಲೇ ಕೂಡುವುದೇ ಇಲ್ಲ, ಸುಟ್ಟ ಮೇಲೆ ಪದರ ಬಿಟ್ಟುಕೊಳ್ಳುತ್ತದೆ. ಪುಡಿ ಸುರಿಯುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ.

ಕಲಸಿಟ್ಟ ತಾಮ್ರ ಬೇಗ ಕಪ್ಪಾಗುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಕಲಸುವುದು ಒಳ್ಳೆಯದು. ರೆಡಿಮೇಡ್ ಮುದ್ದೆಗಿಂತ ಪುಡಿಯೇ ವಾಸಿ ಎನ್ನುವುದಕ್ಕೆ ದೊಡ್ಡ ಕಾರಣ ಇದೇ. ಮುದ್ದೆಯ ಪ್ಯಾಕೆಟ್ಟು ಒಮ್ಮೆ ಒಡೆದರೆ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಕೂಡ ಹಿಡಿಯುತ್ತದೆ, ಏಕೆಂದರೆ ಅಂಟು ಸಾವಯವ. ಪುಡಿ ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ.

ಲಟ್ಟಿಸಲು ಎರಡೂ ಬದಿಗೆ ಇಸ್ಪೀಟು ಎಲೆ ಇಟ್ಟುಕೊಳ್ಳಿ. ಐದು ಎಲೆ ಅಂದರೆ ಸುಮಾರು 1.5 ಮಿ.ಮೀ.; ಪದಕಕ್ಕೆ ಅದು ಸರಿಯಾದ ದಪ್ಪ. ಲೋಲಾಕಿಗೆ ನಾಲ್ಕು ಸಾಕು. ಎಲೆಯ ಅಚ್ಚಿಗೆ ವೀಳ್ಯದೆಲೆಯಷ್ಟು ಒಳ್ಳೆಯದು ಬೇರೆ ಸಿಗಲಿಲ್ಲ. ಬೆನ್ನಿನ ನರ ಎದ್ದು ನಿಂತಿರುತ್ತದೆ, ಎಲೆ ಬಾಗುತ್ತದೆ, ಕಿತ್ತು ತೆಗೆಯುವಾಗ ಹರಿಯುವುದಿಲ್ಲ. ಹಲಸಿನೆಲೆಯ ನರ ಅಷ್ಟು ಆಳವಾಗಿ ಮೂಡುವುದಿಲ್ಲ. ಸುಟ್ಟ ಮೇಲೆ ಗಾತ್ರ ಕುಗ್ಗುವಾಗ ನರಗಳೂ ಹತ್ತಿರಕ್ಕೆ ಬಂದು ಕೆತ್ತನೆ ಇನ್ನಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ಈ ಕ್ಲೇ ಕೊಡುವ ದೊಡ್ಡ ಸುಖ ಅದು.

ಕುಗ್ಗುವ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಕ್ಲೇ 20% ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. 40 ಮಿ.ಮೀ. ಪದಕ ಬೇಕಾದರೆ 40ಕ್ಕೆ ಅದರ 20% ಸೇರಿಸಿ 48 ಮಾಡುವುದಲ್ಲ, 40ನ್ನು 0.8ರಿಂದ ಭಾಗಿಸಿ 50 ಮಾಡಬೇಕು. 48 ಮಾಡಿದರೆ ಕೈಗೆ ಬರುವುದು 38.4. ಉದ್ದ, ಅಗಲ, ದಪ್ಪ ಮೂರೂ ಕುಗ್ಗುವುದರಿಂದ ಘನ ಗಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನು ನಂಬಿ ಉಂಗುರ ಮಾಡಬೇಡಿ. 50 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿ ಮಾಡಿ ಸುಟ್ಟು, ನಿಮ್ಮ ಕಿಲ್ನ್‌ನಲ್ಲಿ ಎಷ್ಟಕ್ಕೆ ಇಳಿಯಿತು ಎಂದು ಅಳೆಯಿರಿ. ಅಂಥ ಪಟ್ಟಿಗಳು ಮುಂದೆ ಕಿಲ್ನ್‌ನ ಬಿಸಿ ಪರೀಕ್ಷಿಸುವುದಕ್ಕೂ ಬರುತ್ತವೆ.

ಇನ್ನು ಒಣಗಿಸುವುದು. ಬೆಂಗಳೂರಿನವರು ಬರೆದ ಸಲಹೆಗಳು ಇಲ್ಲಿ ಕೈಕೊಡುವುದು ಈ ಹಂತದಲ್ಲೇ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮೇಜಿನ ಮೇಲಿಟ್ಟ ತುಂಡು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ತೇವ ಹಾಗೇ ಇರುತ್ತದೆ. ಅದನ್ನು ಕಿಲ್ನ್‌ಗೆ ಹಾಕಿದರೆ ನೀರು ಆವಿಯಾಗಿ ಬೊಕ್ಕೆ ಏಳುತ್ತದೆ, ಇಲ್ಲವೇ ತುಂಡೇ ಸೀಳುತ್ತದೆ. ನಂಬಬಹುದಾದ ಪರೀಕ್ಷೆ ತೂಕ ಮಾತ್ರ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ತೂಗಿ, ಒಂದು ಗಂಟೆ ಒಣಗಿಸಿ ಮತ್ತೆ ತೂಗಿ; ಎರಡೂ ಒಂದೇ ಬಂದರೆ ಒಣಗಿದೆ. ಸ್ಟೀಲ್ ಜಾಲರಿಯ ಮೇಲೆ, ಕೆಳಗೆ ಹಳೆಯ 60 ವಾಟ್ ಬಲ್ಬು ಉರಿಯುವ ಪೆಟ್ಟಿಗೆ ಇದ್ದರೆ ಮಳೆಗಾಲಕ್ಕೆ ಅದೇ ಸಾಕು. ಅವಸರಕ್ಕೆ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಇಡುವವರಿದ್ದಾರೆ. ಕಂಚಿನ ತೆಳು ತುಂಡು ಅಲ್ಲಿ ಅಡಿಯಿಂದ ಮೊದಲು ಒಣಗಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ತಾಮ್ರ ಸೊಟ್ಟಗಾಗುವುದು ಕಡಿಮೆ, ಆದರೆ ಬಿಸಿ ಜಾಸ್ತಿಯಾದರೆ ಮೈಮೇಲೆ ಆಕ್ಸೈಡ್ ಪದರ ಕೂರುತ್ತದೆ. ಆ ಪದರದ ಮೇಲೆ ಪೇಸ್ಟ್ (ನೀರು ಹಾಕಿ ತೆಳುಮಾಡಿದ ಕ್ಲೇ) ಹಚ್ಚಿ ಜೋಡಿಸಿದ ಕೊಂಡಿ ಸುಟ್ಟ ಮೇಲೆ ಉಗುರು ತಾಗಿದರೂ ಕಳಚುತ್ತದೆ. ಜೋಡಿಸುವ ಮೊದಲು ಎರಡೂ ಮುಖಗಳನ್ನು 220ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಹೊಸ ಲೋಹದ ಬಣ್ಣ ಬರಿಸಲೇಬೇಕು.

ಒಣಗಿದ ತುಂಡನ್ನು ಈ ಹಂತದಲ್ಲೇ ತಿದ್ದಿ ಮುಗಿಸಿ. ಅರ, ಸ್ಯಾಂಡ್‌ಪೇಪರ್ ಯಾವುದಾದರೂ ಆಗುತ್ತದೆ. ಸುಟ್ಟ ಮೇಲೆ ಅದೇ ಕೆಲಸಕ್ಕೆ ಹತ್ತು ಪಟ್ಟು ಶ್ರಮ. ಬೆಳ್ಳಿ ಕ್ಲೇಯನ್ನೂ ಬಳಸುವವರು ಉಪಕರಣ, ಬಟ್ಟೆ, ಸ್ಯಾಂಡ್‌ಪೇಪರ್ ಎಲ್ಲವನ್ನೂ ಬೇರೆಯಾಗಿಯೇ ಇಡಬೇಕು. ಬೆಳ್ಳಿ, ತಾಮ್ರ ಸೇರಿದ ಜಾಗ ಸುಮಾರು 780 ಡಿಗ್ರಿಗೇ ಕರಗುತ್ತದೆ. ಬೆಳ್ಳಿಯ ಚೂರು ಬಿದ್ದಲ್ಲಿ ತಾಮ್ರದ ಪದಕಕ್ಕೆ ಗುಳಿ ಬಿದ್ದಿರುತ್ತದೆ.

ಸುಡುವುದು ಎರಡು ಹಂತದಲ್ಲಿ. ಮೊದಲ ಹಂತ ಅಂಟು ಸುಡುವುದಕ್ಕೆ. ಕಾರ್ಬನ್ನಿನ (ಇದ್ದಿಲಿನಂಥ ಹರಳು, ಯಾವುದೆಂದು ಮುಂದೆ ಹೇಳಿದ್ದೇನೆ) ಹಾಸಿನ ಮೇಲೆ ತುಂಡುಗಳನ್ನು ತೆರೆದೇ ಇಟ್ಟು 300ರಿಂದ 350 ಡಿಗ್ರಿ ಸೆಲ್ಸಿಯಸ್, ಅರ್ಧದಿಂದ ಒಂದು ಗಂಟೆ. ಬಿಸಿ ಇದಕ್ಕಿಂತ ಬಹಳ ಮೇಲೆ ಹೋದರೆ ಗಾಳಿಗೆ ತೆರೆದ ತಾಮ್ರದ ಕಣಗಳು ಒಳಗಿನವರೆಗೂ ಆಕ್ಸೈಡ್ ಆಗಿ ಆಮೇಲೆ ಬೆಸೆಯುವುದಿಲ್ಲ. ಕಡಿಮೆಯಾದರೆ ನಡುವೆ ಅಂಟು ಉಳಿಯುತ್ತದೆ. ತುಂಡನ್ನು ಮುರಿದರೆ ಮಧ್ಯದಲ್ಲಿ ಕಪ್ಪು ಗೆರೆ ಕಾಣುತ್ತದೆ. ಈ ಹಂತ ಮುಗಿದ ತುಂಡು ಮುಟ್ಟಿದರೆ ಮುರಿಯುವಷ್ಟು ದುರ್ಬಲ, ಬೆರಳಿನಿಂದ ಎತ್ತಬೇಡಿ.

ಎರಡನೆಯ ಹಂತ ಕಾರ್ಬನ್ನಿನ ಒಳಗೆ. ಸ್ಟೀಲ್ ಡಬ್ಬಿಯಲ್ಲಿ ಕೆಳಗೆ 2.5 ಸೆಂ.ಮೀ. ಕಾರ್ಬನ್, ಅದರ ಮೇಲೆ ತುಂಡುಗಳು, ಒಂದರಿಂದೊಂದಕ್ಕೆ ಮತ್ತು ಗೋಡೆಗೆ ಕನಿಷ್ಠ 1 ಸೆಂ.ಮೀ. ಅಂತರ, ಮೇಲೆ ಮತ್ತೆ 2.5 ಸೆಂ.ಮೀ. ಕಾರ್ಬನ್, ಸಡಿಲವಾದ ಮುಚ್ಚಳ. ಕಾರ್ಬನ್ ಒಳಗಿನ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಲೋಹ ಕಪ್ಪಾಗದೆ ಬೆಸೆಯುತ್ತದೆ. ನೀರಿನ ಫಿಲ್ಟರಿಗೆ ಮಾರುವ, ತೆಂಗಿನ ಗೆರಟೆಯಿಂದ ಮಾಡಿದ ಹರಳಿನ ಆಕ್ಟಿವೇಟೆಡ್ ಕಾರ್ಬನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಡಿಯ ಸಾದಾ ಗೆರಟೆ ಇದ್ದಿಲು ಅದಕ್ಕೆ ಸಮನಲ್ಲ. ಆಕ್ಟಿವೇಟೆಡ್ ಕಾರ್ಬನ್ ಗಾಳಿಯ ತೇವವನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಬನ್ ತುಂಬಿಟ್ಟ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಿ. ತೇವ ಕುಡಿದ ಕಾರ್ಬನ್ ಹಾಕಿದರೆ ಆ ನೀರು ಹೋಗುವವರೆಗೆ ಡಬ್ಬಿಯ ಒಳಗೆ ಬಿಸಿ ಏರುವುದೇ ಇಲ್ಲ, ಟೈಮರ್ ಮಾತ್ರ ಓಡುತ್ತಿರುತ್ತದೆ.

ತಾಮ್ರಕ್ಕೆ 930ರಿಂದ 960 ಡಿಗ್ರಿ, ಮೂರು ಗಂಟೆ. ತಾಮ್ರ ಕರಗುವುದು 1085ಕ್ಕೆ, ಹಾಗಾಗಿ ಕಿಲ್ನ್ ಸ್ವಲ್ಪ ಹೆಚ್ಚುಕಮ್ಮಿಯಾದರೂ ಕೆಲಸ ಕೆಡುವುದಿಲ್ಲ. ಕಂಚಿನಲ್ಲಿ ಆ ಸಲುಗೆ ಇಲ್ಲ. ತವರ ಸೇರಿದಷ್ಟೂ ಕರಗಲು ಶುರುವಾಗುವ ಬಿಸಿ ಇಳಿಯುತ್ತದೆ. 820ರಿಂದ 840, ಎರಡರಿಂದ ಮೂರು ಗಂಟೆ, ಅಷ್ಟರೊಳಗೇ ಕೆಲಸ ಮುಗಿಯಬೇಕು. 20 ಡಿಗ್ರಿ ಕಡಿಮೆಯಾದರೆ ಮುರಿಯುತ್ತದೆ, ಅಷ್ಟೇ ಹೆಚ್ಚಾದರೆ ಮೈಮೇಲೆ ಬೊಕ್ಕೆ ಏಳುತ್ತದೆ, ಅಂಚು ದುಂಡಗಾಗುತ್ತದೆ. ಕಿಲ್ನ್‌ನ ಥರ್ಮೋಕಪಲ್ (ಬಿಸಿ ಅಳೆಯುವ ಕಡ್ಡಿ) ತೋರಿಸುವುದು ಹಿಂಬದಿಯ ಗೋಡೆಯ ಬಿಸಿ; ಡಬ್ಬಿಯ ನಡುವೆ ಇರುವುದು ಬೇರೆ. ಮುಂದೆ ಬಾಗಿಲಿರುವ ಕಿಲ್ನ್‌ನಲ್ಲಿ ಬಾಗಿಲ ಕಡೆ ಸದಾ ತಂಪು. ಆದ್ದರಿಂದ ಮೊದಲ ಸಲ ಡಬ್ಬಿಯ ನಾಲ್ಕು ಮೂಲೆ, ನಡುವೆ ಒಂದರಂತೆ ಪಟ್ಟಿಗಳನ್ನಿಟ್ಟು 820ಕ್ಕೆ ಸುಟ್ಟು, ಪ್ರತಿಯೊಂದನ್ನೂ ಬಗ್ಗಿಸಿ ನೋಡಿ. ಸರಿಯಾಗಿ ಬೆಂದ ಪಟ್ಟಿ ಬಾಗುತ್ತದೆ. ಬೇಯದ್ದು ಬಿಸ್ಕತ್ತಿನಂತೆ ತುಂಡಾಗುತ್ತದೆ, ಒಳಗೆ ಇಟ್ಟಿಗೆ ಬಣ್ಣದ ಒರಟು ಪುಡಿ ಕಾಣುತ್ತದೆ. ಮುರಿದ ಪಟ್ಟಿಗಳು ಎಲ್ಲಿದ್ದವೋ ಆ ಜಾಗ ಬಿಟ್ಟುಬಿಡಿ, ಇಲ್ಲವೇ 5 ಡಿಗ್ರಿ ಏರಿಸಿ ಮತ್ತೊಮ್ಮೆ ಪರೀಕ್ಷಿಸಿ. ಅರೆಬೆಂದ ತುಂಡು ಹಾಳಾಯಿತು ಎಂದುಕೊಳ್ಳಬೇಡಿ, ಮತ್ತೆ ಕಾರ್ಬನ್ನಿನಲ್ಲಿ ಹೂತು ಪೂರ್ತಿ ಸುಟ್ಟರೆ ಸರಿಹೋಗುತ್ತದೆ. ಬೊಕ್ಕೆ ಎದ್ದದ್ದಕ್ಕೆ ಮದ್ದಿಲ್ಲ.

ಒಂದೇ ಪದಕದಲ್ಲಿ ತಾಮ್ರ, ಕಂಚು ಎರಡೂ ಬೇಕಿದ್ದರೆ ತಾಮ್ರದ ಭಾಗವನ್ನು ಅದರ ಬಿಸಿಯಲ್ಲಿ ಪೂರ್ತಿ ಸುಟ್ಟು, ಆಮೇಲೆ ಕಂಚು ಸೇರಿಸಿ ಕಂಚಿನ ಬಿಸಿಯಲ್ಲಿ ಸುಡಿ. ಎರಡನ್ನೂ ಹಸಿಯಾಗಿ ಕೂಡಿಸಿ ಒಟ್ಟಿಗೆ ಸುಟ್ಟರೆ ಒಂದು ಬೇಯುವುದಿಲ್ಲ ಅಥವಾ ಇನ್ನೊಂದು ಕರಗುತ್ತದೆ.

ಎಚ್ಚರಿಕೆಯ ಮಾತು: ಕಾರ್ಬನ್ ಕಾಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ. ಮಳೆ ಎರಚುತ್ತದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಿಲ್ನ್ ಹಚ್ಚಲೇಬೇಡಿ. ಮಾಡು ಇರುವ, ಗಾಳಿಯಾಡುವ ಹಿಂದಿನ ಜಗಲಿ ಸರಿಯಾದ ಜಾಗ. ಅಲ್ಲೂ ಯಾರೂ ಮಲಗುವ ಕೋಣೆಯ ಕಿಟಕಿ ಹತ್ತಿರ ಇರಬಾರದು. ಮೊನಾಕ್ಸೈಡ್ ಅಲಾರಂ ಒಂದು ಕೊಳ್ಳಿ.

ಕಿಲ್ನ್ ಕೊಳ್ಳುವವರು ಕಂಟ್ರೋಲರಿನ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕು: ಕರೆಂಟು ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೆಯೇ, ಮೊದಲಿನಿಂದ ಶುರುವಾಗುತ್ತದೆಯೇ, ಸುಮ್ಮನೆ ಆಫ್ ಆಗುತ್ತದೆಯೇ? ಗುಡುಗು, ಸಿಡಿಲಿನ ಕಾಲದಲ್ಲಿ ನಮ್ಮ ಕಡೆ ಇದು ದೊಡ್ಡ ವಿಷಯ. ಮನೆಯ ಇನ್ವರ್ಟರ್ ಕಿಲ್ನ್‌ನ ಲೋಡ್ ಹೊರುವುದಿಲ್ಲ. ನಡುವೆ ಕರೆಂಟು ಹೋದರೆ ಮುಚ್ಚಳ ತೆಗೆಯಬೇಡಿ. ಕಾರ್ಬನ್ನಿನೊಳಗೆ ತುಂಡು ಸುರಕ್ಷಿತವಾಗಿರುತ್ತದೆ. ಕರೆಂಟು ಬಂದ ಮೇಲೆ ಪೂರ್ತಿ ಅವಧಿ ಮತ್ತೆ ಕೊಡಿ. ಹೊತ್ತು ಹೆಚ್ಚಾದರೆ ಕೆಡುವುದಿಲ್ಲ, ಬಿಸಿ ಹೆಚ್ಚಾದರೆ ಕೆಡುತ್ತದೆ.

ಪಾತ್ರೆ ಅಂಗಡಿಯ ಅಗ್ಗದ ಸ್ಟೀಲ್ ಡಬ್ಬಿ ಕಂಚಿನ ಬಿಸಿಯನ್ನು ಕೆಲವು ಸಲ ತಾಳುತ್ತದೆ, ತಾಮ್ರದ ಬಿಸಿಗೆ ಬೇಗ ಕಪ್ಪು ಚಕ್ಕೆ ಉದುರಿಸಿ ತೆಳುವಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೂ ಮತ್ತೆ ಮತ್ತೆ ಕಾದು ಆರುವ ಕೆಲಸಕ್ಕೆ 870 ಡಿಗ್ರಿಯವರೆಗಿನದ್ದೇ. ಹೆಚ್ಚು ತಾಮ್ರ ಸುಡುವವರು ಮಂಗಳೂರಿನ ಬೈಕಂಪಾಡಿ ಕಡೆ ಫ್ಯಾಬ್ರಿಕೇಶನ್ ಮಾಡುವವರಲ್ಲಿ 310 ದರ್ಜೆಯ ತಗಡು ಸಿಗುತ್ತದೆಯೇ ವಿಚಾರಿಸಿ ಡಬ್ಬಿ ಮಾಡಿಸುವುದು ಲಾಭ. ಆಗಾಗ ಕಿಲ್ನ್ ಅನ್ನು ಖಾಲಿಯಾಗಿ, ಕಾರ್ಬನ್ ಇಲ್ಲದೆ ಚೆನ್ನಾಗಿ ಕಾಯಿಸಿ. ಕಿಲ್ನ್ ಕಾಯಿಸುವ ಕಾಂತಾಲ್ ತಂತಿಯ ಸುರುಳಿಯ ಮೇಲಿನ ರಕ್ಷಣಾ ಪದರ ಅದರಿಂದ ಮತ್ತೆ ಬೆಳೆಯುತ್ತದೆ.

ಕಾರ್ಬನ್ನಿನಿಂದ ತೆಗೆದ ಕಂಚಿಗೆ ಕೆಲವು ಸಲ ನೇರಳೆ, ಹೊಂಬಣ್ಣ, ನವಿಲುಗರಿಯ ನೀಲಿ ಬಂದಿರುತ್ತದೆ. ಚೆಂದ ಎನಿಸಿದರೆ ಪಾಲಿಶ್ ಮಾಡದೆ ಹಾಗೇ ಬಿಡಿ, ಬೇಕೆಂದು ತರಿಸುವುದು ಕಷ್ಟ. ತಾಮ್ರಕ್ಕೆ ಬೆಚ್ಚಗಿನ ಸಿಟ್ರಿಕ್ ಆಸಿಡ್ ನೀರು ಸಾಕು. ಹಂಡೆ ಬೆಳಗುವ ಹುಣಸೆಹುಳಿಯೂ ಆಗುತ್ತದೆ, ಆದರೆ ಕೆತ್ತನೆಯ ಸಂದಿಯಲ್ಲಿ ನಾರು ಉಳಿಯುತ್ತದೆ. ಹಿತ್ತಾಳೆ ತಂತಿಯ ಬ್ರಷ್ಷು, ಆಮೇಲೆ 400, 600, 1200ರ ಸ್ಯಾಂಡ್‌ಪೇಪರ್, ಕೊನೆಗೆ ತೆಳುವಾಗಿ ಮೇಣ. ಮಲ್ಪೆ, ಪಣಂಬೂರಿನಂಥ ಕಡಲಂಚಿನ ಮನೆಗಳಲ್ಲಿ ಮೇಣವಿಲ್ಲದ ತಾಮ್ರಕ್ಕೆ ಉಪ್ಪುಗಾಳಿಯಿಂದ ಬೇಗ ಕಿಲುಬು ಹಿಡಿಯುತ್ತದೆ. ಬೆವರಿಗೆ ಚರ್ಮವೂ ಹಸಿರಾಗಬಹುದು. ಕಿವಿಯ ಕೊಕ್ಕೆಗೆ ಮಾತ್ರ ತಾಮ್ರವಾಗಲಿ ಕಂಚಾಗಲಿ ಬೇಡ, ಬೆಳ್ಳಿಯ ತಂತಿ ಹಾಕಿ.

ಗ್ರಾಹಕರು ಪದೇ ಪದೇ ಕೇಳುವ ಇನ್ನೊಂದು: ಇದರಲ್ಲೇ ಪುಟ್ಟ ತಾಮ್ರದ ಲೋಟ, ಕುಂಕುಮದ ಭರಣಿ ಮಾಡಬಹುದೇ? ಕುಂಕುಮದ ಭರಣಿ ಮಾಡಬಹುದು. ಲೋಟ ಬೇಡ. ಎಷ್ಟೇ ಚೆನ್ನಾಗಿ ಸಿಂಟರ್ ಆದರೂ ಒಳಗೆ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ನೀರು ಒಳಗೆ ಇಳಿದು ಒಸರುತ್ತದೆ, ಒಳಗಿನ ಕಿಲುಬನ್ನು ತೊಳೆದು ತೆಗೆಯಲಾಗುವುದಿಲ್ಲ.