ಗೋಕರ್ಣದಲ್ಲಿ ರೂಮು ಎಲ್ಲಿ ಹಿಡಿಯಬೇಕು: ಊರು, ಕುಡ್ಲೆ, ಓಂ, ಹಾಫ್ ಮೂನ್

ಗೋಕರ್ಣಕ್ಕೆ ಹೊರಟವರು ಸಾಮಾನ್ಯವಾಗಿ ಯಾವ ಬೀಚ್ ಚೆಂದ ಎಂದು ಕೇಳುತ್ತಾರೆ. ಕಾಲು ಗಟ್ಟಿಯಿದ್ದರೆ ಐದೂ ಬೀಚುಗಳನ್ನು ಒಂದೇ ದಿನದಲ್ಲಿ ನಡೆದು ನೋಡಬಹುದು, ಆ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಯೋಚಿಸಬೇಕಾದ್ದು ರೂಮಿನ ಬಗ್ಗೆ. ಲಗೇಜು ಎಷ್ಟು ದೂರ ಹೊರಬೇಕು, ರಾತ್ರಿ ಊಟ ಎಲ್ಲಿ, ಬೆಳಗ್ಗೆ ದೇವಸ್ಥಾನಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತೀರಾ, ಮಕ್ಕಳನ್ನು ನೀರಿಗೆ ಬಿಡಬಹುದಾ, ಎಲ್ಲವೂ ಅದರ ಮೇಲೆ ನಿಂತಿದೆ. ನಾಲ್ಕೂ ಕಡೆ ಉಳಿದು ನೋಡಿ ಮಾಡಿದ ಹೋಲಿಕೆ ಇದು.

ಉತ್ತರದಿಂದ ದಕ್ಷಿಣಕ್ಕೆ ಸಾಲು ಹೀಗಿದೆ: ಊರಿಗೆ ಅಂಟಿಕೊಂಡ ಮುಖ್ಯ ಬೀಚ್, ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಎರಡೆರಡರ ನಡುವೆ ಚಿರೆಕಲ್ಲಿನ ಗುಡ್ಡವೊಂದು ಸಮುದ್ರದೊಳಕ್ಕೆ ಚಾಚಿದೆ. ಮರಳಿನ ಮೇಲೇ ನಡೆದು ದಾಟುವ ಹಾಗಿಲ್ಲ, ಗುಡ್ಡ ಹತ್ತಿ ಇಳಿಯಲೇಬೇಕು. ಊರಿಂದ ಕುಡ್ಲೆಗೆ 20–25 ನಿಮಿಷ, ಕುಡ್ಲೆಯಿಂದ ಓಂಗೆ ಸುಮಾರು 20, ಓಂನಿಂದ ಹಾಫ್ ಮೂನ್‌ಗೆ ಅರ್ಧ ಗಂಟೆ, ಅಲ್ಲಿಂದ ಪ್ಯಾರಡೈಸ್‌ಗೆ ಮತ್ತೆ ಅಷ್ಟೇ. ಬೆನ್ನಿಗೆ ಸಣ್ಣ ಬ್ಯಾಗ್ ಮಾತ್ರ ಇದ್ದವರ ಲೆಕ್ಕ ಇದು. ಚಕ್ರದ ಸೂಟ್‌ಕೇಸ್ ತಂದವರಿಗೆ ಲೆಕ್ಕವೇ ಬೇರೆ, ಆ ದಾರಿಯಲ್ಲಿ ಚಕ್ರ ಉರುಳುವುದಿಲ್ಲ.

ಊರೊಳಗೆ

ವಯಸ್ಸಾದ ಅಪ್ಪ-ಅಮ್ಮ, ಕೈಗೂಸು, ಅಥವಾ ದೇವರ ದರ್ಶನವೇ ಮುಖ್ಯ ಎನ್ನುವವರಿಗೆ ಊರೇ ಸರಿ. ರಥಬೀದಿಯ ಆಸುಪಾಸಿನ ವಸತಿಗೃಹಗಳಿಂದ ಮಹಾಬಲೇಶ್ವರ ದೇವಸ್ಥಾನಕ್ಕೂ ಸಮುದ್ರಕ್ಕೂ ಕೆಲವೇ ನಿಮಿಷದ ನಡಿಗೆ. ಎಟಿಎಂ, ಔಷಧಿ ಅಂಗಡಿ, ಬಸ್ ನಿಲ್ದಾಣ, ಆಟೋ ಸ್ಟ್ಯಾಂಡ್ ಎಲ್ಲ ಇಲ್ಲೇ. ಬೀಚುಗಳ ಮೇಲೆ ಎಟಿಎಂ ಇಲ್ಲ, ಮೊಬೈಲ್ ಪಾವತಿ ಸಿಗ್ನಲ್ ಇದ್ದಾಗ ಮಾತ್ರ ನಡೆಯುತ್ತದೆ. ಎಲ್ಲೇ ಉಳಿದರೂ ನಗದನ್ನು ಊರಲ್ಲೇ ತೆಗೆದುಕೊಂಡು ಮುಂದೆ ಹೋಗಿ.

ದರ್ಶನಕ್ಕೆ ಬರುವವರು ಎಡವುವುದು ಎರಡು ಕಡೆ. ಒಂದು ಉಡುಪು: ಗಂಡಸರು ಪಂಚೆ ಉಟ್ಟು, ಅಂಗಿ ಬನಿಯನ್ ತೆಗೆದೇ ಒಳಗೆ ಹೋಗಬೇಕು. ಪ್ಯಾಂಟು, ಬರ್ಮುಡಾ ನಡೆಯುವುದಿಲ್ಲ. ಪಂಚೆ ಮನೆಯಿಂದಲೇ ತನ್ನಿ, ಮರೆತರೆ ಬೀದಿಯಲ್ಲಿ ಕೊಳ್ಳಬಹುದು. ಎರಡನೆಯದು ಸಮಯ: ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯೇ ತೆರೆಯುವುದು. ಓಂನಲ್ಲಿ ತಿಂಡಿ ತಿಂದು ನಿಧಾನಕ್ಕೆ ಹೊರಟವರು ಮುಚ್ಚಿದ ಬಾಗಿಲ ಎದುರು ನಿಂತಿರುತ್ತಾರೆ. ಸಮುದ್ರಸ್ನಾನ ಮುಗಿಸಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ ಎನ್ನುವುದು ಇಲ್ಲಿನ ಕ್ರಮ. ಇದನ್ನು ಪಾಲಿಸುವವರು ಬೆಳಗ್ಗೆ ಬೇಗ ಏಳುವುದೇ ಒಳ್ಳೆಯದು, ಸೋಮವಾರ ಮತ್ತು ಕಾರ್ತಿಕದಲ್ಲಂತೂ ಇನ್ನೂ ಬೇಗ. ಶಿವರಾತ್ರಿಯ ರಥೋತ್ಸವದ ದಿನಗಳಲ್ಲಿ ಬೀಚ್ ರಜೆಗೆಂದು ಬರಲೇಬೇಡಿ. ರೂಮು ಸಿಗದು, ಸಿಕ್ಕರೂ ಬೀದಿಯಲ್ಲಿ ಕಾಲಿಡಲು ಜಾಗವಿರದು.

ಊರಿನ ದೊಡ್ಡ ಕೊರತೆ ಅದರ ಬೀಚೇ. ದೇವಸ್ಥಾನದ ಎದುರಿನ ಭಾಗದಲ್ಲಿ ಹೂವು, ಬಟ್ಟೆ, ಪ್ಲಾಸ್ಟಿಕ್ಕು, ದೋಣಿ, ಜನ ಎಲ್ಲ ಒಟ್ಟಿಗೆ. ಉತ್ತರಕ್ಕೆ ಅರ್ಧ ಗಂಟೆ ನಡೆದರೆ ಖಾಲಿ ಮರಳು ಸಿಗುತ್ತದೆ, ಆದರೆ ಅಲ್ಲಿ ಜೀವರಕ್ಷಕರಿರುವುದಿಲ್ಲ. ಗುಡ್ಡದ ಆಸರೆ ಇಲ್ಲದ ತೆರೆದ ತೀರವಾದ್ದರಿಂದ ಅಲೆ ನೇರವಾಗಿ ಬಡಿಯುತ್ತದೆ. ಮೊಣಕಾಲು ಮಟ್ಟಕ್ಕಿಂತ ಮುಂದೆ ಮಕ್ಕಳನ್ನು ಬಿಡುವ ಜಾಗ ಇದಲ್ಲ.

ಕುಡ್ಲೆ

ಎರಡು-ಮೂರು ರಾತ್ರಿ ಉಳಿಯುವ ಗೆಳೆಯರ ಗುಂಪಿಗೆ, ಜೋಡಿಗಳಿಗೆ, ನಡೆಯಬಲ್ಲ ಮಕ್ಕಳಿರುವ ಸಂಸಾರಕ್ಕೆ ನಮ್ಮ ಮತ ಕುಡ್ಲೆಗೆ. ಸುಮಾರು ಒಂದು ಕಿಲೋಮೀಟರ್ ಉದ್ದದ, ಎರಡೂ ತುದಿಯಲ್ಲಿ ಗುಡ್ಡದ ಆಸರೆಯಿರುವ ತೀರ. ಊರಿಗೂ ಓಂಗೂ ಸರಿಯಾಗಿ ನಡುವೆ. ಹಗಲು ಓಂಗೆ ಹೋಗಿ ಬರಬಹುದು, ಊಟ ಬೇಸರವಾದರೆ ಊರಿಗೆ ನಡೆಯಬಹುದು. ಊಟ ಬೇಸರವಾಗುವುದಂತೂ ಖಂಡಿತ. ಬೀಚ್ ಹೋಟೆಲುಗಳ ಪಟ್ಟಿ ಎಲ್ಲ ಒಂದೇ ಅಚ್ಚು: ಹಮ್ಮಸ್, ಪಿಟಾ, ಶಕ್ಷುಕಾ, ಪಾಸ್ತಾ, ಪ್ಯಾನ್‌ಕೇಕ್. ವಿದೇಶಿಯರಿಗಾಗಿ ಹುಟ್ಟಿದ ಪಟ್ಟಿ, ಈಗ ತುಮಕೂರು, ದಾವಣಗೆರೆಯವರೂ ಅದನ್ನೇ ತಿನ್ನುತ್ತಾರೆ. ಮೀನು ಬೇಕಿದ್ದರೆ ಪಟ್ಟಿ ಮುಚ್ಚಿಟ್ಟು ಇವತ್ತು ಬಂದದ್ದು ಏನು ಎಂದು ಕೇಳಿ. ಬಂಗುಡೆಯೋ ಇಸ್ವಾಣವೋ ಇದ್ದರೆ ಹಸಿ ಮೀನನ್ನು ತೋರಿಸಲು ಹೇಳಿ, ತೂಕ ಮತ್ತು ದರ ಮೊದಲೇ ಮಾತಾಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ಕಣ್ಣು ಮಂಕಾಗಿ ಒಳಕ್ಕೆ ಕುಸಿದಿದ್ದರೆ ಅದು ಐಸ್ ಪೆಟ್ಟಿಗೆಯಲ್ಲಿ ಕೂತ ಮೀನು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ತಾಜಾ ಇಸ್ವಾಣದ ಆಸೆ ಬಿಡಿ.

ಕುಡ್ಲೆಯಲ್ಲಿ ಎರಡು ಬಗೆಯ ವಸತಿ. ಗುಡ್ಡದ ಇಳಿಜಾರಿನಲ್ಲಿ ಕಾಂಕ್ರೀಟು ರೂಮುಗಳು, ಮರಳಿಗೆ ತಾಗಿ ಬಿದಿರು-ತೆಂಗಿನ ಗರಿಯ ಗುಡಿಸಲುಗಳು. ಫೋಟೋದಲ್ಲಿ ಗುಡಿಸಲೇ ಗೆಲ್ಲುತ್ತದೆ. ಬಾಡಿಗೆ ಕೊಡುವ ಮೊದಲು ಒಳಗೆ ಹೋಗಿ ಐದು ನಿಮಿಷ ಕಳೆಯಿರಿ. ಸೊಳ್ಳೆಪರದೆಯನ್ನು ಬೆಳಕಿಗೆ ಹಿಡಿದು ತೂತು ನೋಡಿ. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೆ ರಾತ್ರಿ ಏಡಿ, ಇರುವೆ, ಇಲಿ ಯಾವುದೂ ಬರಬಹುದು. ತಿಂಡಿ ಪೊಟ್ಟಣವನ್ನು ನೆಲದಲ್ಲಿ ಇಡದೆ ಗೂಟಕ್ಕೆ ನೇತುಹಾಕಿ. ನಲ್ಲಿಯ ನೀರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿ ನೋಡಿ: ತೀರಕ್ಕೆ ಹತ್ತಿರದ ಬಾವಿಗಳಲ್ಲಿ ಮಾರ್ಚ್ ದಾಟಿದ ಮೇಲೆ ಉಪ್ಪು ಏರುತ್ತದೆ, ಆ ನೀರಲ್ಲಿ ಸೋಪು ನೊರೆ ಬರುವುದಿಲ್ಲ, ಮೈಯ ಅಂಟು ಹೋಗುವುದಿಲ್ಲ. ಕರೆಂಟ್ ಹೋದಾಗ ಫ್ಯಾನ್ ತಿರುಗುತ್ತದಾ ಎಂದು ನೇರವಾಗಿ ಕೇಳಿ. ಬೀಗ ಅವರದೋ ನಿಮ್ಮದೋ ಎನ್ನುವುದನ್ನೂ ಕೇಳಿ, ಒಂದು ಗಟ್ಟಿ ಬೀಗ ನೀವೇ ಒಯ್ದರೆ ಚಿಂತೆ ಇಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಗುಡಿಸಲು ಸುಖ. ಏಪ್ರಿಲ್-ಮೇನಲ್ಲಿ ಗಾಳಿ ನಿಂತ ರಾತ್ರಿ ಅದರೊಳಗೆ ನಿದ್ದೆ ಬಾರದು, ಆಗ ಹಣ ಹೆಚ್ಚಾದರೂ ಇಳಿಜಾರಿನ ಮೇಲಿನ ಎಸಿ ರೂಮೇ ಸರಿ.

ಊರಿಂದ ಕುಡ್ಲೆಗೆ ಬರುವ ಗುಡ್ಡದ ದಾರಿ ಹಗಲಲ್ಲಿ ಸುಲಭ. ಕತ್ತಲಾದ ಮೇಲೆ ಸಡಿಲ ಚಿರೆಕಲ್ಲಿನ ಹರಳುಗಳು ಗೋಲಿಯ ಹಾಗೆ ಕಾಲಡಿ ಉರುಳುತ್ತವೆ, ಪಾದ ಹೊರಳುವುದು ಹತ್ತುವಾಗಲ್ಲ, ಇಳಿಯುವಾಗ. ಡಿಸೆಂಬರ್‌ನಲ್ಲಿ ಸಂಜೆ 6:10ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮೇ ತಿಂಗಳಲ್ಲಿ 6:55ಕ್ಕೆ. ಮುಳುಗಿದ 20–25 ನಿಮಿಷಕ್ಕೆ ಪೂರ್ತಿ ಕತ್ತಲೆ. ಹಣೆಗೆ ಕಟ್ಟುವ ಟಾರ್ಚು ಒಯ್ಯಿರಿ. ಮೊಬೈಲ್ ಬೆಳಕು ಹಿಡಿದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಜಾರಿದಾಗ ಊರಲು ಕೈ ಇರುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಇರಲಿ.

ಓಂ

ಹೆಸರು ಇದಕ್ಕೇ ಹೆಚ್ಚು, ಜನವೂ ಹೆಚ್ಚು. ಊರಿಂದ ಡಾಂಬರು ರಸ್ತೆಯಲ್ಲಿ ಸುಮಾರು 6 ಕಿಲೋಮೀಟರ್, ಮೇಲೆ ವಾಹನ ನಿಲ್ಲಿಸಿ ಮೆಟ್ಟಿಲು ಇಳಿದರೆ ಮರಳು. ವಾಹನ ಹತ್ತಿರಕ್ಕೆ ಬರುವುದೇ ಇದರ ಅನುಕೂಲ, ಅದೇ ಇದರ ಕಾಯಿಲೆ ಕೂಡ. ಶನಿವಾರ, ಭಾನುವಾರ ಬೆಳಗ್ಗೆ ಹತ್ತರ ನಂತರ ಕಾರುಗಳ ಸಾಲು ಗುಡ್ಡದ ರಸ್ತೆಯಲ್ಲೇ ನಿಲ್ಲುತ್ತದೆ. ಎರಡು ಅರ್ಧಚಂದ್ರಗಳು ಕೂಡಿದ ಆಕಾರ ಕಾಣಬೇಕಿದ್ದರೆ ಮರಳಲ್ಲಿ ನಿಂತು ಪ್ರಯೋಜನವಿಲ್ಲ, ಮೇಲಿನ ಗುಡ್ಡದಿಂದಲೇ ನೋಡಬೇಕು, ಅದೂ ಬಿಸಿಲು ಬೆನ್ನ ಹಿಂದಿರುವ ಬೆಳಗಿನ ಹೊತ್ತಿನಲ್ಲಿ.

ನಮ್ಮ ಅಭಿಪ್ರಾಯ: ಓಂ ಹಗಲಿಗೆ, ರಾತ್ರಿಗಲ್ಲ. ಕುಡ್ಲೆಯಲ್ಲಿ ಸಿಗುವ ರೂಮೇ ಇಲ್ಲಿ ವಾರಾಂತ್ಯದಲ್ಲಿ ಹೆಚ್ಚು ಕೇಳುತ್ತದೆ, ಊರಿಗೆ ಹೋಗಬೇಕಾದಾಗಲೆಲ್ಲ ಆಟೋ ಬೇಕು, ಕತ್ತಲಾದ ಮೇಲೆ ಆಟೋದವರು ಹೇಳಿದ್ದೇ ದರ. ವಾರದ ನಡುವೆ, ಅದೂ ಮಂಗಳವಾರದಿಂದ ಗುರುವಾರದೊಳಗೆ ಬರುವವರಿಗೆ ಮಾತ್ರ ಇಲ್ಲಿ ಉಳಿಯಲು ಹೇಳುತ್ತೇವೆ.

ನೀರಿನ ವಿಷಯದಲ್ಲಿ ಓಂ ಮೋಸ ಮಾಡುತ್ತದೆ. ಕೊಲ್ಲಿ ಶಾಂತವಾಗಿ ಕಾಣುತ್ತದೆ, ಆದರೆ ನಡುವಿನ ಬಂಡೆಗಳ ಪಕ್ಕ, ಎರಡು ತುದಿಯ ಗುಡ್ಡದ ಬುಡದಲ್ಲಿ ದಡಕ್ಕೆ ಬಂದ ನೀರು ಒಂದೇ ಕಿರಿದಾದ ಪಟ್ಟಿಯಾಗಿ ಹಿಂದಕ್ಕೆ ಹರಿಯುತ್ತದೆ. ಈಜು ಬಲ್ಲವರನ್ನೂ ಎಳೆಯುವ ಸೆಳೆತ ಅದು. ದಡದಲ್ಲಿ ಹತ್ತು ನಿಮಿಷ ಕೂತು ನೋಡಿದರೆ ಗುರುತು ಸಿಗುತ್ತದೆ: ಅಕ್ಕಪಕ್ಕದಲ್ಲೆಲ್ಲ ಅಲೆ ಒಡೆಯುತ್ತಿರುವಾಗ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿಯೋ ಮರಳು ಕದಡಿಯೋ ಇರುತ್ತದೆ. ಹೊಸಬರು ಅದನ್ನೇ ಸುರಕ್ಷಿತ ಜಾಗ ಎಂದುಕೊಂಡು ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ಶಕ್ತಿ ಕಳೆಯಬೇಡಿ. ತೇಲುತ್ತಾ ಕೈ ಎತ್ತಿ ಕರೆಯಿರಿ, ಈಜುವುದಾದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬನ್ನಿ, ಆಮೇಲೆ ಅಲೆ ಒಡೆಯುವ ಕಡೆಯಿಂದ ದಡಕ್ಕೆ. ಕೆಂಪು ಬಾವುಟ, ಜೀವರಕ್ಷಕರ ಸೀಟಿ ಇದ್ದಲ್ಲಿ ವಾದ ಬೇಡ. ಕುಡಿದು ಇಳಿಯುವವರ ಬಗ್ಗೆ ಹೇಳುವುದಕ್ಕೇನೂ ಇಲ್ಲ.

ಸೆಲ್ಫಿಗೆ ಬಂಡೆ ಹತ್ತುವವರು ನೆನಪಿಡಬೇಕಾದ್ದು: ಹಸಿರು ಪಾಚಿ ಎಷ್ಟು ಎತ್ತರಕ್ಕಿದೆಯೋ ಅಲ್ಲಿವರೆಗೆ ನೀರು ಬರುತ್ತದೆ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಚೂಪು, ಆ ಗಾಯ ಬೇಗ ಕೀವಾಗುತ್ತದೆ. ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಚಿಪ್ಪಿನ ಚೂರು ಉಳಿದಿಲ್ಲವೆಂದು ನೋಡಿ, ಅಯೋಡಿನ್ ಮುಲಾಮು ಹಚ್ಚಿ.

ಹಾಫ್ ಮೂನ್, ಪ್ಯಾರಡೈಸ್

ಹಾಫ್ ಮೂನ್‌ನಲ್ಲಿ ಕೆಲವೇ ಗುಡಿಸಲುಗಳು, ರಸ್ತೆ ಇಲ್ಲ, ಸಿಗ್ನಲ್ ನೆಚ್ಚುವ ಹಾಗಿಲ್ಲ. ಒಂದು ರಾತ್ರಿಗೆ ಚೆನ್ನ, ಎರಡನೆಯದಕ್ಕೆ ಸಾಕೆನಿಸುತ್ತದೆ. ತಲಾ 3 ಲೀಟರ್ ನೀರು ಹೊತ್ತುಕೊಂಡೇ ಹೋಗಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ದೊಡ್ಡದು, ಈ ಸಣ್ಣ ಬೀಚುಗಳಲ್ಲಿ ಮರಳೇ ಮಾಯವಾಗುವಷ್ಟು ಮೇಲೆ ಬರುತ್ತದೆ. ಚಾಪೆ ಹಾಸುವ ಮೊದಲು ಒಣಗಿದ ಕಸದ ಗೆರೆ ಎಲ್ಲಿದೆ ನೋಡಿ, ಅದರಿಂದ ಮೇಲೆಯೇ ಬ್ಯಾಗ್ ಇಡಿ. ಪ್ಯಾರಡೈಸ್‌ನಲ್ಲಿ ಟೆಂಟ್ ಹಾಕುತ್ತೇವೆಂದು ಬರುವವರು ಊರಲ್ಲೇ ಅನುಮತಿ ವಿಚಾರಿಸಿಕೊಳ್ಳಿ, ಅಲ್ಲಿದ್ದ ಗುಡಿಸಲುಗಳನ್ನು ಹಿಂದೆಯೇ ತೆರವು ಮಾಡಿದ್ದಾರೆ. ಓಂನಿಂದ ದೋಣಿಯಲ್ಲಿ ಹೋಗುವವರು ಬರುವಾಗಿನ ದರವನ್ನೂ ಮೊದಲೇ ಮಾತಾಡಿ, ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ಆಗ ನಡೆದೇ ಬರಬೇಕು.

ಬರುವುದು, ಹೋಗುವುದು

ಬೆಂಗಳೂರಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗ್ಗೆ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಿಡುತ್ತದೆ, ಅಲ್ಲಿಂದ ಊರಿಗೆ ಸುಮಾರು 10 ಕಿಲೋಮೀಟರ್. ರೈಲಿಂದ ಇಳಿದ ಕೂಡಲೇ ಇರುವ ಕೆಲವೇ ಆಟೋಗಳಿಗೆ ಎಲ್ಲರೂ ಮುಗಿಬೀಳುತ್ತಾರೆ, ಇನ್ನೊಂದು ಜೋಡಿಯೊಂದಿಗೆ ಸೇರಿಕೊಂಡರೆ ಅರ್ಧ ಹಣ ಉಳಿಯಿತು. ಮಳೆಗಾಲದಲ್ಲಿ ಬರುವ ಯೋಚನೆ ಇದ್ದರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವ ಪ್ರಶ್ನೆಯೇ ಇಲ್ಲ, ಗುಡಿಸಲುಗಳನ್ನು ಬಿಚ್ಚಿಟ್ಟಿರುತ್ತಾರೆ, ಉಳಿಯಲು ಊರೇ ಅನುಕೂಲ. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಆ ತಿಂಗಳುಗಳಲ್ಲಿ ಘಟ್ಟ ಇಳಿಯುವ ರಾತ್ರಿ ಬಸ್ಸಿಗಿಂತ ರೈಲೇ ನಮ್ಮ ಆಯ್ಕೆ, ಆದರೂ ಹೊರಡುವ ದಿನ ರೈಲು ಓಡುತ್ತಿದೆಯೇ ವಿಚಾರಿಸಿ.

ಕೊನೆಯ ದಿನ ಎಲ್ಲರೂ ಸಿಕ್ಕಿಬೀಳುವುದು ಒಂದೇ ಕಡೆ. ರೂಮು ಬೆಳಗ್ಗೆ ಹತ್ತು-ಹನ್ನೊಂದಕ್ಕೆ ಬಿಡಬೇಕು, ಬಸ್ಸು ಸಂಜೆಯ ಮೇಲೆ. ಕುಡ್ಲೆಯಲ್ಲೋ ಓಂನಲ್ಲೋ ಒದ್ದೆ ಬಟ್ಟೆಯ ಬ್ಯಾಗ್ ಹೊತ್ತು ಬಿಸಿಲಲ್ಲಿ ಕೂರುವ ಬದಲು ಹಿಂದಿನ ರಾತ್ರಿಯೇ ಮಾಲೀಕರ ಹತ್ತಿರ ಎರಡು ವಿಷಯ ಮಾತಾಡಿಕೊಳ್ಳಿ: ಬ್ಯಾಗ್ ಇಡಲು ಜಾಗ, ಸಂಜೆ ಸ್ನಾನಕ್ಕೆ ಒಂದು ಬಚ್ಚಲು. ವಾರದ ದಿನಗಳಲ್ಲಿ ಬಹುತೇಕರು ಒಪ್ಪುತ್ತಾರೆ. ಭಾನುವಾರ ಒಪ್ಪುವುದಿಲ್ಲ, ಹಾಗಾಗಿ ಭಾನುವಾರ ಹೊರಡುವವರು ಬೆಳಗ್ಗೆಯೇ ಊರಿಗೆ ಬಂದು ಬಸ್ ನಿಲ್ದಾಣದ ಹತ್ತಿರ ಕೆಲವು ಗಂಟೆಗೆ ರೂಮು ಹಿಡಿಯಿರಿ. ಮರಳನ್ನು ಅಲ್ಲೇ ತೊಳೆದುಕೊಂಡು, ಬಿಸಿ ಊಟ ಮಾಡಿ, ಒಣಗಿದ ಬಟ್ಟೆಯಲ್ಲಿ ಬಸ್ಸು ಹತ್ತಬಹುದು.