ಹಳೆಯ ಸ್ಪೈಡರ್ 2, ಹೊಸ ವಿಂಡೋಸ್ 11: ಕೆಲಸಕ್ಕೆ ಬರುತ್ತದೆ, ಆದರೆ ಅದು ಹೇಳುವ ಬಿಳಿಯನ್ನು ನಂಬಬೇಡಿ

ಡ್ರಾಯರಿನಲ್ಲಿ ವರ್ಷಗಳಿಂದ ಬಿದ್ದಿರುವ ಸ್ಪೈಡರ್ 2, ಅಂದರೆ ಮಾನಿಟರಿನ ಬಣ್ಣ ಅಳೆದು ತಿದ್ದಲು ನೆರವಾಗುವ ಉಪಕರಣ, ಹೊಸ ಕಂಪ್ಯೂಟರಿಗೆ ಜೋಡಿಸಿದಾಗ ಸತ್ತಂತೆ ಕಾಣುತ್ತದೆ. ಬಹುತೇಕ ಸಲ ಉಪಕರಣ ಕೆಟ್ಟಿರುವುದಿಲ್ಲ. ಸಿಡಿಯಲ್ಲಿ ಬಂದಿದ್ದ ಡ್ರೈವರ್ 32 ಬಿಟ್‌ನದು. 64 ಬಿಟ್ ವಿಂಡೋಸ್ ಅದನ್ನು ಲೋಡ್ ಮಾಡುವುದೇ ಇಲ್ಲ. ಮ್ಯಾಕ್‌ನಲ್ಲೂ ಇಂಥದೇ ಕಥೆ: 2019ರ ಮ್ಯಾಕ್‌ಓಎಸ್ ಆವೃತ್ತಿ ಕ್ಯಾಟಲೀನಾದಿಂದ 32 ಬಿಟ್ ಪ್ರೋಗ್ರಾಂಗಳು ನಿಂತುಹೋದವು. ತಯಾರಕರ ತಂತ್ರಾಂಶವನ್ನು ಬದಿಗಿಟ್ಟು ಉಚಿತವಾಗಿ ಸಿಗುವ, ಬಣ್ಣ ಅಳೆಯುವ ತಂತ್ರಾಂಶ ಆರ್ಗಿಲ್ ಸಿಎಂಎಸ್ ಮತ್ತು ಅದರ ಮುಖವಾಗಿ ಕೆಲಸ ಮಾಡುವ ಡಿಸ್‌ಪ್ಲೇಕ್ಯಾಲ್ ಹಾಕಿಕೊಂಡರೆ ಸ್ಪೈಡರ್ ಮತ್ತೆ ಅಳತೆ ಕೊಡುತ್ತದೆ.

ವರ್ಚುವಲ್ ಯಂತ್ರದಲ್ಲಿ ಹಳೆಯ ವಿಂಡೋಸ್ ಹಾಕಿ ಮೂಲ ತಂತ್ರಾಂಶವನ್ನೇ ಓಡಿಸುವ ದಾರಿಯನ್ನು ಕೆಲವರು ಸೂಚಿಸುತ್ತಾರೆ. ಅದು ಬೇಡ. ಯುಎಸ್‌ಬಿ ಸಂಪರ್ಕವೇನೋ ಸಿಗುತ್ತದೆ, ಅಳತೆಯೂ ನಡೆಯುತ್ತದೆ. ಆದರೆ ತಿದ್ದುಪಡಿಯ ಗಾಮಾ ಕೋಷ್ಟಕ (ಪರದೆಯ ಛಾಯೆಗಳನ್ನು ಸರಿಪಡಿಸುವ ಅಂಕಿಗಳ ಪಟ್ಟಿ) ಕಾಲ್ಪನಿಕ ಗ್ರಾಫಿಕ್ಸ್ ಕಾರ್ಡಿಗೆ ಹೋಗಿ ಅಲ್ಲೇ ಉಳಿಯುತ್ತದೆ, ನಿಜವಾದ ಕಾರ್ಡಿಗೆ ಮುಟ್ಟುವುದಿಲ್ಲ.

ಮೊದಲ ತೊಡಕು ಡ್ರೈವರಿನದು. ಆರ್ಗಿಲ್ ಜೊತೆ ಬರುವ ಡ್ರೈವರ್ ಪೊಟ್ಟಣಕ್ಕೆ ವಿಂಡೋಸ್ ಬಯಸುವ ಡಿಜಿಟಲ್ ಸಹಿ ಇಲ್ಲದಿದ್ದರೆ ಇನ್‌ಸ್ಟಾಲ್ ನಿರಾಕರಣೆಯಾಗುತ್ತದೆ. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಎಂದು ಹೋಗಿ ಮತ್ತೆ ರೀಸ್ಟಾರ್ಟ್ ಮಾಡಿ, ಬರುವ ಪಟ್ಟಿಯಲ್ಲಿ 7 ಒತ್ತಿ; ಸಹಿ ತಪಾಸಣೆ ಆ ಸಲಕ್ಕೆ ನಿಲ್ಲುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆ ಹಾಕಿದ್ದರೆ ಈ ಹಂತದಲ್ಲಿ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ವಿಂಡೋಸ್ ತೆರೆದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್ ಆರಿಸಿ, ಆರ್ಗಿಲ್ ಫೋಲ್ಡರಿನೊಳಗಿನ ಯುಎಸ್‌ಬಿ ಎಂಬ ಉಪಫೋಲ್ಡರನ್ನು ತೋರಿಸಿ. ಸಹಿ ತಪಾಸಣೆ ಮುಂದಿನ ಬೂಟ್‌ನಲ್ಲಿ ತಾನಾಗಿ ಮರಳುತ್ತದೆ. ಮ್ಯಾಕ್‌ನಲ್ಲಿ ಡ್ರೈವರ್ ಬೇಕಿಲ್ಲ. ಲಿನಕ್ಸ್‌ನಲ್ಲೂ ಬೇಕಿಲ್ಲ, ಸಾಧನ ಬಳಸಲು ಅನುಮತಿ ಕೊಡುವ ಯುಡೆವ್ ನಿಯಮದ ಕಡತವಿದ್ದರೆ ಸಾಕು. ಲಾಗಿನ್ ಆಗುವಾಗ ಮಾತ್ರ ಪರದೆ ನಡೆಸುವ ವ್ಯವಸ್ಥೆಯಾಗಿ ವೇಲ್ಯಾಂಡ್ ಬಿಟ್ಟು ಎಕ್ಸ್11 ಆರಿಸಿಕೊಳ್ಳಿ.

ಎರಡನೆಯ ತೊಡಕು ಸ್ಪೈಡರ್ 2ಕ್ಕೇ ವಿಶಿಷ್ಟವಾದದ್ದು, ಹೆಚ್ಚಿನವರು ಕೈಚೆಲ್ಲುವುದೂ ಇಲ್ಲೇ. ಈ ಉಪಕರಣದೊಳಗಿನ ಚಿಪ್ ತನ್ನ ಫರ್ಮ್‌ವೇರನ್ನು (ತನ್ನನ್ನು ನಡೆಸುವ ಒಳ ತಂತ್ರಾಂಶವನ್ನು) ನೆನಪಿಟ್ಟುಕೊಳ್ಳುವುದಿಲ್ಲ. ಕೇಬಲ್ ಕಿತ್ತರೆ ಅಳಿಸಿಹೋಗುತ್ತದೆ, ಪ್ರತಿ ಸಲವೂ ಕಂಪ್ಯೂಟರೇ ಅದನ್ನು ತುಂಬಬೇಕು. ಅದು ತಯಾರಕರ ಸ್ವತ್ತಾದ್ದರಿಂದ ಆರ್ಗಿಲ್ ಜೊತೆ ಬರುವುದಿಲ್ಲ. ಡ್ರೈವರ್ ಸರಿಯಾಗಿದ್ದರೂ ಉಪಕರಣ ಉತ್ತರ ಕೊಡದಿರುವುದು ಇದರಿಂದಲೇ. ಡಿಸ್‌ಪ್ಲೇಕ್ಯಾಲ್‌ನ ಟೂಲ್ಸ್ ಮೆನುವಿನಲ್ಲಿ ಸ್ಪೈಡರ್ 2 ಸಕ್ರಿಯಗೊಳಿಸುವ ಆಯ್ಕೆ ಇದೆ. ಅದಕ್ಕೆ ಮೂಲ ಸಿಡಿಯನ್ನೋ ಅದರ ಸೆಟಪ್ ಕಡತವನ್ನೋ ಕೊಟ್ಟರೆ ಬೇಕಾದ ಭಾಗವನ್ನು ಹೊರತೆಗೆದು ಉಳಿಸಿಕೊಳ್ಳುತ್ತದೆ. ಒಂದು ಕಂಪ್ಯೂಟರಿಗೆ ಒಮ್ಮೆ ಮಾಡಿದರೆ ಸಾಕು. ಹಾಗಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸಿಡಿ ಇದೆಯೇ ಎಂದು ಮೊದಲು ಕೇಳಬೇಕು.

ಇಷ್ಟಾದರೂ ಅಳತೆ ನಡುವೆ ನಿಂತರೆ ಪೋರ್ಟನ್ನು ಅನುಮಾನಿಸಿ. ಹಳೆಯ ನಿಧಾನಗತಿಯ ಉಪಕರಣಗಳು ಕೆಲವು ಯುಎಸ್‌ಬಿ 3 ಪೋರ್ಟ್‌ಗಳೊಂದಿಗೆ ಹೊಂದಿಕೊಳ್ಳುವುದಿಲ್ಲ. ನಡುವೆ ಸ್ವಂತ ವಿದ್ಯುತ್ ಇರುವ ಯುಎಸ್‌ಬಿ 2 ಹಬ್ ಒಂದನ್ನು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಅಳತೆಗೆ ಮುಂಚೆ ಮಾನಿಟರ್ ಅರ್ಧ ಗಂಟೆ ಉರಿದಿರಲಿ. ನೈಟ್ ಲೈಟ್, ಎಚ್‌ಡಿಆರ್, ಬೆಳಕಿಗೆ ತಕ್ಕಂತೆ ಬದಲಾಗುವ ಬ್ರೈಟ್‌ನೆಸ್, ಡೈನಮಿಕ್ ಕಾಂಟ್ರಾಸ್ಟ್ ಎಲ್ಲವೂ ಆಫ್ ಇರಬೇಕು. ಎಲ್‌ಸಿಡಿ ಪರದೆಗೆ ಜೇನುಗೂಡಿನಂಥ ತೂತುಗಳಿರುವ ಮುಚ್ಚಳ ಹಾಕಿಯೇ ಅಳೆಯಬೇಕು. ಅದನ್ನು ತೆಗೆದು ಅಳೆಯುವುದು ಹಳೆಯ ಸಿಆರ್‌ಟಿಗಳಿಗೆ. ಎಲ್‌ಸಿಡಿಗೆ ರಬ್ಬರ್ ಹೀರುಬಟ್ಟಲನ್ನು ಅಂಟಿಸಬೇಡಿ, ಪರದೆಗೆ ಕಲೆಯಾದೀತು. ಕೇಬಲ್‌ನಿಂದ ಇಳಿಬಿಟ್ಟು ಪರದೆಯನ್ನು ತುಸು ಹಿಂದಕ್ಕೆ ಬಾಗಿಸಿದರೆ ಉಪಕರಣ ತಾನಾಗಿ ಒರಗಿಕೊಳ್ಳುತ್ತದೆ. ಅಂಚಿನಿಂದ ಕೋಣೆಯ ಬೆಳಕು ನುಗ್ಗಿದರೆ ಕಪ್ಪಿನ ಅಳತೆಗಳೆಲ್ಲ ಹಾಳು.

ಈಗ ಮುಖ್ಯ ಪ್ರಶ್ನೆ: ಬರುವ ಅಂಕಿಗಳನ್ನು ನಂಬಬಹುದೇ? ಪೂರ್ತಿಯಾಗಿ ಅಲ್ಲ. ಇಂಥ ಹಳೆಯ ಮಾಪಕಗಳ ಬಣ್ಣದ ಫಿಲ್ಟರ್‌ಗಳು ತೇವ, ಶಾಖ, ವಯಸ್ಸಿಗೆ ಮಾಸುತ್ತವೆ. ಜೊತೆಗೆ, ಇದು ತಯಾರಾದ ಕಾಲದ ಎಲ್‌ಸಿಡಿಗಳ ಹಿಂದೆ ಇದ್ದದ್ದು ಸಣ್ಣ ಪ್ರತಿದೀಪಕ ಕೊಳವೆಗಳು. ಇಂದಿನ ಎಲ್‌ಇಡಿ ಬೆಳಕಿನ ವರ್ಣಪಟಲ ಬೇರೆ, ಹೆಚ್ಚು ಬಣ್ಣ ತೋರಿಸುವ ವೈಡ್ ಗ್ಯಾಮಟ್ ಪರದೆಗಳದ್ದು ಇನ್ನೂ ಬೇರೆ. ಎರಡು ತಪ್ಪೂ ಸೇರಿದಾಗ 6500 ಕೆಲ್ವಿನ್ (ಹಗಲಿನ ಬೆಳಕಿನಂಥ ಬಿಳಿ) ಎಂದು ಗುರಿ ಇಟ್ಟರೆ ಬಿಳಿ ಹಸಿರಿಗೋ ಗುಲಾಬಿಗೋ ವಾಲುತ್ತದೆ, ಆದರೂ ವರದಿ ಎಲ್ಲ ಸರಿ ಎನ್ನುತ್ತದೆ. ಅಳೆದದ್ದೂ ಪರೀಕ್ಷಿಸಿದ್ದೂ ಅದೇ ಉಪಕರಣವಲ್ಲವೇ!

ಇದಕ್ಕೆ ಒಳ್ಳೆಯ ಪರಿಹಾರವೊಂದಿದೆ. ಉಪಕರಣದ ತಪ್ಪು ಬಿಳಿಯಿಂದ ಕಡುಬೂದಿಯವರೆಗೆ ಹೆಚ್ಚುಕಡಿಮೆ ಒಂದೇ ದಿಕ್ಕಿಗಿರುತ್ತದೆ. ಆದ್ದರಿಂದ ಮಾನಿಟರಿನ ಕೆಂಪು, ಹಸಿರು, ನೀಲಿ ಗುಂಡಿಗಳಿಂದ ಬಿಳಿಯನ್ನು ಕಣ್ಣಿನಿಂದಲೇ ಹೊಂದಿಸಿ. ಪಕ್ಕದಲ್ಲಿ ನಂಬಬಹುದಾದ ಇನ್ನೊಂದು ಪರದೆ ಇದ್ದರೆ ಅದಕ್ಕೆ ಹೋಲಿಸಿ. ಆಮೇಲೆ ಡಿಸ್‌ಪ್ಲೇಕ್ಯಾಲ್‌ನಲ್ಲಿ ವೈಟ್‌ಪಾಯಿಂಟನ್ನು ‘ಆಸ್ ಮೆಷರ್ಡ್’ ಎಂದಿಡಿ, ಗಾಮಾ 2.2 ಕೊಡಿ, ಬ್ರೈಟ್‌ನೆಸ್ಸನ್ನು ಮಾನಿಟರಿನಲ್ಲೇ ಚದರ ಮೀಟರಿಗೆ 120 ಕ್ಯಾಂಡೆಲಾ ಹತ್ತಿರಕ್ಕೆ ತನ್ನಿ. ಈಗ ಉಪಕರಣ ಬಿಳಿ ಯಾವುದೆಂದು ತೀರ್ಮಾನಿಸುವುದಿಲ್ಲ, ಉಳಿದ ಬೂದಿಗಳನ್ನು ಆ ಬಿಳಿಯೊಂದಿಗೆ ಸಾಲಾಗಿ ನಿಲ್ಲಿಸುತ್ತದೆ ಅಷ್ಟೆ. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿ ಮಾಡುತ್ತದೆ. ಕಪ್ಪಿಗೆ ಹತ್ತಿರದ ಛಾಯೆಗಳಲ್ಲಿ ಸಂವೇದನೆ ಕಡಿಮೆ, ಅಳತೆ ಅಲುಗಾಡುತ್ತದೆ. ಬ್ಲ್ಯಾಕ್ ಪಾಯಿಂಟ್ ತಿದ್ದುಪಡಿಯನ್ನು ಸೊನ್ನೆಯಲ್ಲೇ ಬಿಡಿ.

ಬೆಳಕಿನ ವರ್ಣಪಟಲವನ್ನೇ ಅಳೆಯುವ ಸ್ಪೆಕ್ಟ್ರೋಮೀಟರ್ ಒಂದು ದಿನಕ್ಕೆ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಅದೇ ಪರದೆಯನ್ನು ಎರಡರಿಂದಲೂ ಅಳೆದು ಸಿಸಿಎಂಎಕ್ಸ್ ಎಂಬ ತಿದ್ದುಪಡಿ ಕಡತ ಮಾಡಿಕೊಂಡರೆ ಬಿಳಿಯೂ ನೆಟ್ಟಗಾಗುತ್ತದೆ. ಬೇರೆಯವರ ಸ್ಪೈಡರ್‌ನಿಂದ ಮಾಡಿದ ಕಡತ ಬೇಡ. ಪ್ರತಿ ಉಪಕರಣವೂ ಬೇರೆ ಬೇರೆ ರೀತಿ ಮಾಸಿರುತ್ತದೆ.

ಮನೆಯ ಫೋಟೋ ಕೆಲಸಕ್ಕೆ, ಸಾಧಾರಣ ಎಸ್‌ಆರ್‌ಜಿಬಿ ಮಾನಿಟರಿಗೆ ಇಷ್ಟು ಶ್ರಮ ಸಾರ್ಥಕ. ಮುದ್ರಣಕ್ಕೆ ಕಳಿಸುವವರಿಗೆ, ವೈಡ್ ಗ್ಯಾಮಟ್ ಅಥವಾ ಒಎಲ್‌ಇಡಿ ಪರದೆ ಇರುವವರಿಗೆ ಇದು ಬೇಡ. ಅವರು ಹಳೆಯದನ್ನೇ ಕೊಳ್ಳುವುದಾದರೆ ಐ1 ಡಿಸ್‌ಪ್ಲೇ ಪ್ರೊ ಎಂಬ ಮಾಪಕ ಹುಡುಕಲಿ: ಕೀಬೋರ್ಡ್, ಮೌಸ್‌ಗಳಂತೆ ಅದು ಎಚ್‌ಐಡಿ ಸಾಧನ, ಆರ್ಗಿಲ್‌ಗೆ ಪ್ರತ್ಯೇಕ ಡ್ರೈವರ್ ಬೇಡ, ಪರದೆಯ ಬೆಳಕಿನ ಬಗೆಗೆ ತಕ್ಕ ತಿದ್ದುಪಡಿಯನ್ನೂ ಒಪ್ಪಿಕೊಳ್ಳುತ್ತದೆ.